ಏಳು ಕೊಲೆಗಳ ಪುಸ್ತಕ

ನವೆಂಬರ್ ೧೮, ಮಂಗಳವಾರ. ಡೊಂಬಿವಲಿ.

‘ನಿದ್ದೆ ಹಾರಿ ಹೋಗ್ತದೆ ನೋಡು’ ಎಂದು ಆಫೀಸಿನ ಸೋನಾಲಿ ಕೊಟ್ಟಿದ್ದ ಥ್ರಿಲ್ಲರನ್ನು ಬೆಳಿಗ್ಗೆ ಲೋಕಲ್ ರೈಲಿನ ಬಾಗಿಲ ಹತ್ತಿರ ನಿಂತು ಓದಿ ಮುಗಿಸಿದೆ. ಲಕ್ಷಗಟ್ಟಲೆ ಪ್ರತಿ ಹೋಗಿದೆಯಂತೆ. ಏಳು ಕೊಲೆಗಳಿವೆ, ಒಂದಕ್ಕೂ ಎದೆ ನಡುಗಲಿಲ್ಲ. ಆ ಕೊಲೆಗಾರನಿಗೆ ಸಿಟ್ಟೇ ಇಲ್ಲ, ಬರೀ ಉಪಾಯ.

ದಿವಾ ಸ್ಟೇಷನ್ನಿನಲ್ಲಿ ಹತ್ತಿದ ಹೆಂಗಸೊಬ್ಬಳು, ಒಳಗೆ ಸರಿ ಅಂತ, ‘ಅಂದರ್ ಚಲೋ’ ಎಂದು ನನ್ನ ಜಡೆ ಹಿಡಿದು ಎಳೆದಳು. ಪುಸ್ತಕದಿಂದಲೇ ಅವಳ ಮುಖಕ್ಕೆ ಹೊಡೆದೆ. ಮೂಗಿನಿಂದ ರಕ್ತ ಬಂತು. ಅವಳು ಜಡೆ ಬಿಟ್ಟ ಮೇಲೂ ಎರಡು ಸಲ ಹೊಡೆದೆ. ‘ಬಸ್ ಕರೋ ದೀದಿ’ ಎಂದು ಯಾರೋ ನನ್ನ ಕೈ ಹಿಡಿದರು. ಅವಳು ಕೆಳಗೆ ಕುಳಿತು, ದುಪಟ್ಟಾದಲ್ಲಿ ಮೂಗು ಒತ್ತಿ ಹಿಡಿದು ಅಳುತ್ತಿದ್ದಳು.

ಥಾಣೆಯಲ್ಲಿ ಇಳಿದು ಚಹಾ ಕುಡಿದೆ. ಮೂರನೆಯ ಪೆಟ್ಟು ಕೊಡುವಾಗ ನನಗೆ ಹಿತವಾಗಿತ್ತು. ಇದೊಂದು ವಾಕ್ಯ ಬರೆಯಲು ಇಷ್ಟು ಹೊತ್ತು ಬೇಕಾಯಿತು.