ಸಹಿಯಾಗದ ಇಪ್ಪತ್ತೆರಡು ಪ್ರಮಾಣಪತ್ರಗಳು

ಇಂಡಿ, ೨೮ ಜನವರಿ ೧೯೭೪

ನಾಗರಿಕ ಬಂದೂಕು ತರಬೇತಿಯ ಜಿಲ್ಲಾ ಅಧಿಕಾರಿಗಳಿಗೆ,

ಮಾನ್ಯರೇ, ನಾನು ಕಲಿಸುವ ಇಂಡಿ ಶಿಬಿರಕ್ಕೆ ತಾವು ಕಳಿಸಿದ ಇಪ್ಪತ್ತೆರಡು ಪ್ರಮಾಣಪತ್ರಗಳಿಗೆ ನಾನು ಸಹಿ ಮಾಡಿಲ್ಲ, ಮಾಡುವುದೂ ಇಲ್ಲ. ವಿಳಂಬಕ್ಕೆ ಕಾರಣ ಕೇಳಿ ತಮ್ಮ ಕಚೇರಿಯಿಂದ ಮೂರು ಪತ್ರ ಬಂದಿವೆ. ಮೂರಕ್ಕೂ ಸೇರಿಸಿ ಉತ್ತರ ಇದು. ಇದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿರುವುದು ಏಕೆಂದರೆ, ನಾನು ಹಿಂದೆ ಬರೆದ ಎರಡು ಪತ್ರಗಳನ್ನು ತಮ್ಮ ಕಚೇರಿ ಬಹಳ ಜೋಪಾನವಾಗಿ ಇಟ್ಟುಕೊಂಡಿದೆ. ಓದಿ ಹಾಳು ಮಾಡಿಲ್ಲ.

ನಾನು ಹದಿನೇಳು ವರ್ಷ ಫೌಜಿನಲ್ಲಿದ್ದು ಬಂದವನು. ಅಲ್ಲಿ ಹೊಸಬರಿಗೆ ಮೊದಲ ಹದಿನೈದು ದಿನ ಗುಂಡು ಕೊಡುತ್ತಿರಲಿಲ್ಲ. ಖಾಲಿ ಬಂದೂಕು ಹಿಡಿಯುವುದು, ಅದು ಖಾಲಿಯೇ ಎಂದು ಪ್ರತಿ ಸಲ ತೆರೆದು ನೋಡುವುದು, ನಳಿಕೆಯ ಬಾಯಿಯನ್ನು ಮನುಷ್ಯರ ಕಡೆ ತಿರುಗಿಸದಿರುವುದು, ಇಷ್ಟೇ ಪಾಠ. ನಮ್ಮ ಶಿಬಿರದಲ್ಲೂ ಹಾಗೆಯೇ ಕಲಿಸುತ್ತಿದ್ದೆ. ಇದು ನಿಧಾನವಾಯಿತೆಂದು ತಾವು ತರಬೇತಿಯನ್ನು ಮೂರು ದಿನಕ್ಕೆ ಇಳಿಸಿದಿರಿ. ಗುರಿ ಬೇಗ ಕೂಡಲೆಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಶಿಬಿರಗಳಿಗೆ ಬಂದೂಕಿನ ಮೇಲೆ ಕೂಡಿಸುವ ದುರ್ಬೀನನ್ನು ಒಂದೊಂದರಂತೆ ಹಂಚಿದಿರಿ. ಯಾರಿಗೂ ಅನ್ಯಾಯವಾಗಲಿಲ್ಲ.

ಕನ್ನಡಕ ಕೊಳ್ಳುವವರು ಕೂಡ ಮೊದಲು ಕಣ್ಣು ತೋರಿಸುತ್ತಾರೆ. ಈ ದುರ್ಬೀನು ಕೊಳ್ಳುವಾಗ ಯಾವ ಬಂದೂಕಿಗೆ, ಎಷ್ಟು ದೂರಕ್ಕೆ, ಯಾರ ಕೈಗೆ ಎಂದು ಯಾರಾದರೂ ಕೇಳಿದರೇ? ನಮ್ಮ ಗುರಿಹಲಗೆ ಇರುವುದು ಐವತ್ತು ಗಜ ದೂರದಲ್ಲಿ. ಅಷ್ಟಕ್ಕೆ ಬಂದೂಕಿನ ಮೇಲಿರುವ ಕಬ್ಬಿಣದ ಗುರಿಗಣ್ಣು ಸಾಕು. ದುರ್ಬೀನು ಹಲಗೆಯನ್ನು ದೊಡ್ಡದು ಮಾಡುತ್ತದೆ, ಕೈ ನಡುಗುವುದನ್ನೂ ದೊಡ್ಡದು ಮಾಡುತ್ತದೆ. ಗುಂಡು ಹೊಡೆದು ನೋಡಿ ಅದನ್ನು ಬಂದೂಕಿಗೆ ಹೊಂದಿಸದಿದ್ದರೆ, ತಪ್ಪು ಜಾಗವನ್ನು ಬಹಳ ಸ್ಪಷ್ಟವಾಗಿ ತೋರಿಸುತ್ತದೆ. ಮುದ್ದೇಬಿಹಾಳಕ್ಕೆ ಬಂದದ್ದು ಅಲ್ಲಿಯ ಬಂದೂಕಿಗೆ ಕೂಡಲೇ ಇಲ್ಲವಂತೆ, ಸುತಳಿಯಿಂದ ಕಟ್ಟಿದ್ದಾರಂತೆ. ಬಾಗೇವಾಡಿಯವರು ಮೇಜಿನ ಮೇಲಿಟ್ಟು ಹೂವಿನ ಹಾರ ಹಾಕಿದ್ದಾರೆ. ನಾಲ್ಕರಲ್ಲಿ ಸರಿಯಾಗಿ ಬಳಕೆಯಾಗುತ್ತಿರುವುದು ಅದೊಂದೇ.

ನಮ್ಮದನ್ನು ನಾವು ಬಳಸಿದೆವು. ಜನವರಿ ಹತ್ತರಂದು ಹಳೆಯ ಕೆರೆಯ ಏರಿಗೆ ಗುರಿಹಲಗೆ ನಿಲ್ಲಿಸಿದ್ದೆ. ನಮ್ಮ ಬೆನ್ನ ಹಿಂದೆ ನನ್ನ ಹೊಲ. ಬಿಳಿಜೋಳ ಕಾಳು ಕಟ್ಟುವ ಹೊತ್ತು, ನನ್ನ ಹೆಂಡತಿ ರಹಿಮಾಬಿ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಹಾರಿಸುತ್ತಿದ್ದಳು. ಕಿರಾಣಿ ಅಂಗಡಿಯ ಖಂಡೆಪ್ಪ ಕಣ್ಣನ್ನು ದುರ್ಬೀನಿಗೆ ಒತ್ತಿಕೊಂಡೇ ಗುಂಡು ಹಾರಿಸಿದ. ಬಂದೂಕು ಹಿಂದೆ ಒದ್ದು ದುರ್ಬೀನಿನ ಅಂಚು ಹುಬ್ಬನ್ನು ಸೀಳಿತು. ಕಲಿಸಿದ ಪ್ರಕಾರ ಇನ್ನೊಂದು ಗುಂಡು ಏರಿಸಿದ. ಅಷ್ಟರಲ್ಲಿ ರಕ್ತ ಕಣ್ಣಿಗಿಳಿದು ಬಂದೂಕನ್ನು ಕೆಳಗಿಟ್ಟ. ನಾನು ಬಂದೂಕು ನೋಡುವುದು ಬಿಟ್ಟು ಅವನ ಹುಬ್ಬಿಗೆ ಬಟ್ಟೆ ಕಟ್ಟಲು ಕೂತೆ. ಈ ತಪ್ಪು ನನ್ನದು, ತಮ್ಮ ಮೇಲೆ ಹಾಕುವುದಿಲ್ಲ.

ತಲೆ ಎತ್ತಿದಾಗ ಅಂಚೆ ಕಚೇರಿಯ ಗುರುಲಿಂಗಪ್ಪನವರು ಆ ಬಂದೂಕು ಹಿಡಿದು ಹೊಲದ ಕಡೆ ತಿರುಗಿದ್ದರು. ಒಂದು ಟಿಕೀಟನ್ನೂ ಓರೆಯಾಗಿ ಹಚ್ಚದ ಮನುಷ್ಯ. ಏನು ಮಾಡುತ್ತಿದ್ದೀರಿ ಎಂದು ಮೆಲ್ಲಗೆ ಕೇಳಿದೆ.

“ಅಟ್ಟದ ಮ್ಯಾಲ ಯಾರದಾರಂತ ನೋಡಾಕತ್ತೇನ್ರಿ ಉಸ್ತಾದ್ರ. ಗುಂಡ ಇಲ್ಲ್ರಿ ಇದರಾಗ.”

ಬೆರಳು ತೆಗೆಯಲು ಹೇಳಿದೆ. ಬಂದೂಕನ್ನು ಏರಿಯ ಕಡೆ ತಿರುಗಿಸಲು ಹೇಳಿದೆ. ನಾನೇ ಹೋಗಿ ತೆರೆದೆ. ಜೀವಂತ ಗುಂಡು ಮಣ್ಣಿಗೆ ಬಿತ್ತು. ಗುರುಲಿಂಗಪ್ಪನವರು ಅದರ ಪಕ್ಕದಲ್ಲೇ ಕೂತುಬಿಟ್ಟರು. ಹದಿನೇಳು ವರ್ಷದ ಫೌಜಿನಲ್ಲಿ ನಾನು ಹಾಗೆ ಹೆದರಿದ್ದಿಲ್ಲ.

ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, “ಚೊಲೊ ಕಂಡಿನೇನ್ರಿ ಅವರಿಗೆ?” ಎಂದು ಕೇಳಿದಳು. ಮಾನ್ಯರೇ, ಅವಳ ಪ್ರಶ್ನೆಗೆ ಉತ್ತರ ತಮ್ಮ ಬಳಿ ಇದ್ದರೆ ತಿಳಿಸಿ. ದುರ್ಬೀನು ಕೊಂಡವರು ತಾವು.

ಮಾರನೇ ದಿನ ಬೆಳಗ್ಗೆ ಗುರುಲಿಂಗಪ್ಪನವರು ಬಂದರು. ಒಳಗೆ ಕರೆದರೂ ಬಾಗಿಲಲ್ಲೇ ನಿಂತರು. “ನನ್ನ ಫೇಲ್ ಮಾಡ್ರಿ ಉಸ್ತಾದ್ರ,” ಎಂದರು. “ಪಾಸಂತ ಕಾಗದ ಬಂದ್ರ ತಮ್ಮಗೋಳು ನನ್ನ ಹೆಸರಿಲೆ ಬಂದೂಕ ತರಸ್ತಾರ. ಮನ್ಯಾಗ ಸಣ್ಣ ಹುಡುಗ್ರು ಅದಾವ್ರಿ.”

ಆಗಲಿ ಎಂದು ತಮ್ಮ ಕಾಗದ ತೆಗೆದೆ. “ಯಶಸ್ವಿಯಾಗಿ ತೇರ್ಗಡೆ ಹೊಂದಿದ್ದಾರೆ” ಎಂದು ಅಚ್ಚಾಗಿದೆ. ಹೆಸರಿಗೆ ಜಾಗವಿದೆ, ಸಹಿಗೆ ಜಾಗವಿದೆ. ತೇರ್ಗಡೆಯಾಗದವನಿಗೆ ಎಲ್ಲಿಯೂ ಜಾಗವಿಲ್ಲ. ಜಿಲ್ಲೆಯಲ್ಲಿ ಅಂಥವನು ಹುಟ್ಟುವುದಿಲ್ಲವೆಂದು ತಾವು ಮುಂಚೆಯೇ ತಿಳಿದಿದ್ದಿರಾ?

ಆದ್ದರಿಂದ ನನ್ನ ಬೇಡಿಕೆ. ನಾಲ್ಕೂ ದುರ್ಬೀನುಗಳನ್ನು ಹಿಂದಕ್ಕೆ ಕರೆಸಿಕೊಳ್ಳಿ. ಬರಿಗಣ್ಣಿನಿಂದ ಗುರಿ ಕಲಿತವನಿಗಷ್ಟೇ, ಅವನ ಬಂದೂಕಿಗೆ ಹೊಂದಿಸಿ ಕೊಡಿ. ಖಾಲಿ ಬಂದೂಕಿನ ಹದಿನೈದು ದಿನಗಳನ್ನು ಮರಳಿ ಕೊಡಿ. “ತೇರ್ಗಡೆಯಾಗಿಲ್ಲ” ಎಂಬ ಕಾಗದ ಅಚ್ಚು ಹಾಕಿಸಿ ಎರಡು ಪ್ರತಿ ಕಳಿಸಿ. ಒಂದರಲ್ಲಿ ಗುರುಲಿಂಗಪ್ಪನವರ ಹೆಸರು ಬರೆದು ನಾನು ಸಹಿ ಮಾಡುತ್ತೇನೆ. ಇನ್ನೊಂದರಲ್ಲಿ ನನ್ನ ಹೆಸರು ಬರೆದು ಕಳಿಸುತ್ತೇನೆ, ಸಹಿ ತಾವು ಮಾಡಿ.

ಇಂತಿ,
ರಹಿಮಾಬಿಯ ಗಂಡನಾಗಿ ಇನ್ನೂ ಉಳಿದಿರುವ,
ಅಮೀನುದ್ದೀನ
ಗೌರವ ತರಬೇತುದಾರ, ತಾವು ತೆಗೆದುಹಾಕುವವರೆಗೆ