ಕುಮುದಿನಿಯ ಹೀರೆಬಳ್ಳಿ

ತೊಟ್ಟಿಯೂರು,
ಕ್ರಿ.ಶ. ೨೪೧೯, ಮುನ್ನೂರ ಹನ್ನೆರಡನೆಯ ಬೆಳೆ, ದೀಪ ಹತ್ತಿದ ನಲವತ್ತನೆಯ ದಿನ

ನಮ್ಮ ನಂತರ ಹುಟ್ಟುವವರಿಗೆ ನೀಲಾಂಬಿಕೆಯ ನಮಸ್ಕಾರಗಳು.

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ತೊಟ್ಟಿಯೂರೆಂದರೆ ಭೂಮಿ ಬಿಟ್ಟು ಹೊರಟ ನಮ್ಮ ನೌಕೆ. ಇಲ್ಲಿರುವ ನೂರಾ ಹತ್ತು ಮಂದಿ ತೊಟ್ಟಿಗಳಲ್ಲಿ ಬೆಳೆದದ್ದನ್ನೇ ಉಣ್ಣುತ್ತೇವೆ, ಕಾಲವನ್ನೂ ಬೆಳೆಗಳಲ್ಲೇ ಎಣಿಸುತ್ತೇವೆ. ಬಿಸಿಲಿನ ಬದಲು ಇಲ್ಲಿ ದೀಪ. ಜೇನುನೊಣ ಇಲ್ಲಿಲ್ಲ. ಗಂಡು ಹೂವಿನ ಪುಡಿಯನ್ನು ಕುಂಚದಲ್ಲಿ ತೆಗೆದು ಹೆಣ್ಣು ಹೂವಿಗೆ ಸವರಿದರೆ ಮಾತ್ರ ಕಾಯಿ. ಬೆಳೆ ನನ್ನೊಬ್ಬಳದೇ ಎಂಬ ಅಹಂಕಾರ ಯಾರಿಗೂ ಬರಬಾರದೆಂದು ಹಿರಿಯರು ಒಂದು ಕಟ್ಟಳೆ ಮಾಡಿದ್ದಾರೆ: ತನ್ನ ತೊಟ್ಟಿಗೆ ತಾನೇ ಕುಂಚ ಹಿಡಿಯುವಂತಿಲ್ಲ, ಪಕ್ಕದ ತೊಟ್ಟಿಯವರೇ ಹಿಡಿಯಬೇಕು.

ನನ್ನ ಪಕ್ಕದ ತೊಟ್ಟಿ ಕುಮುದಿನಿಯದು. ನಾನು ಐವತ್ತೇಳು ಬೆಳೆಗಳಿಂದ ಮೆಂತ್ಯ ಬೆಳೆಯುತ್ತಿದ್ದೇನೆ. ಚೆನ್ನಾಗಿದೆ ಎಂದು ಒಬ್ಬರಾದರೂ ಅಂದದ್ದಿಲ್ಲ. ಅವಳೋ ನಿನ್ನೆ ಮೊನ್ನೆ ತೊಟ್ಟಿಗೆ ಕೈಯಿಟ್ಟವಳು. ಅವಳ ಹೀರೆಕಾಯಿ ಕೊಯ್ದ ದಿನ ಊಟದ ಸಾಲಿನಲ್ಲಿ ನೂಕುನುಗ್ಗಲು. ಸಿಪ್ಪೆಯನ್ನೂ ಬಿಡದೆ ಚಟ್ನಿ ಅರೆದು ಬೆರಳು ನೆಕ್ಕುತ್ತಿದ್ದರು. ನನ್ನ ಗಂಡನೇ ಒಮ್ಮೆ ನನ್ನೆದುರಿಗೇ, "ಕುಮುದಿನಿ ಕೈಗುಣಾನೇ ಬೇರೆ ಬಿಡು," ಎಂದುಬಿಟ್ಟ. ಹೊಟ್ಟೆಗೆ ಬೆಂಕಿ ಬಿತ್ತು. ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಯಾಕೆ ಹುಡುಕಲಿ?

ಹೀರೆ ಹೂ ಅರಳುವುದು ಸಂಜೆ, ದೀಪ ತಗ್ಗಿಸುವ ಹೊತ್ತಿಗೆ. ಅದರ ಮುಂದಿನ ಬೆಳೆಯಲ್ಲಿ ನಾನು ದಿನವೂ ಅವಳ ತೊಟ್ಟಿಗೆ ಹೋದೆ. ಎಲ್ಲರೂ ಕಾಣುವಂತೆ ಹೆಣ್ಣು ಹೂಗಳಿಗೆಲ್ಲ ಒಣ ಕುಂಚ ಆಡಿಸಿದೆ. ಗಂಡು ಹೂವನ್ನು ಮಾತ್ರ ಮುಟ್ಟಲಿಲ್ಲ. ಒಂದು ಬೆಳೆ ತಪ್ಪಲಿ, ಇವಳ ಜಂಬ ಇಳಿಯಲಿ, ಅಷ್ಟೇ ನನ್ನ ಆಸೆ. ಪೀಚುಗಳೆಲ್ಲ ಹಳದಿಯಾಗಿ ಉದುರಿದವು. ಹಿಂದಿನ ಕಾಯಿಗಳನ್ನೆಲ್ಲ ಎಳೆಯದರಲ್ಲೇ ತಿಂದು ಮುಗಿಸಿದ್ದರು; ಅವಳು ಬಿತ್ತಿದ್ದು ಊರಿನ ಬೀಜದ ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಆರು ಬೀಜ ಎಂಬುದು ಆಮೇಲೆ ತಿಳಿಯಿತು. ಒಂದೇ ಒಂದು ಕಾಯಿ ಬಲಿತು ಒಣಗಿದ್ದರೆ ಮತ್ತೆ ಬಿತ್ತುವಷ್ಟು ಬೀಜ ಸಿಗುತ್ತಿತ್ತು.

ಕುಮುದಿನಿ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. "ಅಕ್ಕಾ, ನೀನು ಒಂದು ದಿನಾನೂ ತಪ್ಪಿಸಲಿಲ್ಲ. ನನ್ನ ಬಳ್ಳೀಲೇ ಏನೋ ದೋಷ," ಎಂದಳು. ನಾನು ಅವಳ ಬೆನ್ನು ಸವರಿದೆ.

ನಿರ್ವಂಶವಾದ ಬೆಳೆಯ ಹೆಸರನ್ನೂ ಅದನ್ನು ಕಳೆದವರ ಹೆಸರನ್ನೂ ಊಟದ ಮನೆಯ ಗೋಡೆಯಲ್ಲಿ ಕೊರೆಯುವುದು ನಮ್ಮ ಪದ್ಧತಿ. ಪ್ರತಿ ಬಿತ್ತನೆಯ ದಿನ ಗಟ್ಟಿಯಾಗಿ ಓದುತ್ತಾರೆ: ಹೀರೆ, ಕುಮುದಿನಿ. ಅವಳು ತಲೆ ತಗ್ಗಿಸಿ ನಿಲ್ಲುತ್ತಾಳೆ. ಜನ ಮಾತ್ರ ಆ ಚಟ್ನಿಯ ರುಚಿ ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ಹೇಳಲು ನಾಚಿಕೆ, ಆಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಅವಳ ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ. ನಾವಿಬ್ಬರೂ ಸತ್ತ ಮೇಲೆ ತೆರೆಯಿರಿ ಎಂದು ಬರೆದು ಈ ಕಾಗದ ಇಟ್ಟು ಹೋಗುತ್ತಿದ್ದೇನೆ. ಗೋಡೆಯಿಂದ ಅವಳ ಹೆಸರನ್ನು ಕೆರೆದು ತೆಗೆದು, ನನ್ನದನ್ನು ಕೊರೆಯಿರಿ. ಇಷ್ಟು ಕಾಲ ಅವಳದನ್ನೇ ಓದಿದ್ದು ಸಾಕು.