ಶಾರ್ಕ್ ಹೊತ್ತೊಯ್ದ ಕುರಿ

ಅಜ್ಜೀ,

ನಿನ್ನ ಮೊಮ್ಮಗಳು ಇವತ್ತು ಗಾನ್ಸ್‌ಬಾಯ್ ಕಡಲಲ್ಲಿ ಮೆರೆದುಬಿಟ್ಟಳು! ಶಾರ್ಕ್ ನೋಡಲು ಪ್ರವಾಸಿಗರು ನೀರಿಗಿಳಿಯುವ ಪಂಜರದ ಹತ್ತಿರ ಅದನ್ನು ಸೆಳೆಯಲು ನಾವು ಹಳೇ ಕಾರ್ಪೆಟ್ಟನ್ನು ಸೀಲ್ ಪ್ರಾಣಿಯ ಆಕಾರಕ್ಕೆ ಕತ್ತರಿಸಿ ತೇಲಿಬಿಡುತ್ತೇವೆ. ನಾನು ಕತ್ತರಿಸಿದ್ದನ್ನು ಕಂಡು ದೋಣಿ ನಡೆಸುವ ಫಾನುಸ್ ಮಾಮ ಬಿದ್ದು ಬಿದ್ದು ನಕ್ಕ. "ಏನೇ ಕುರಿ ಕಾಯೋಳೇ, ಸೀಲ್‌ಗೆ ನಾಲ್ಕು ಕಾಲು ಇಟ್ಟಿದ್ದೀಯಲ್ಲೇ! ಶಾರ್ಕ್ ಇದನ್ನ ಮೂಸೂ ನೋಡಲ್ಲ."

ರೇಗಿಹೋಗಿ ಅದನ್ನೇ ನೀರಿಗೆಸೆದೆ. ನಮ್ಮ ಉಣ್ಣೆ ಲಾರಿಯಷ್ಟು ದೊಡ್ಡ ಬಿಳಿ ಶಾರ್ಕ್ ಚಂಗನೆ ಮೇಲಕ್ಕೆ ಹಾರಿ, ಅದನ್ನು ಕಚ್ಚಿಕೊಂಡು ಮುಳುಗಿತು! ಪಂಜರದಲ್ಲಿದ್ದವರೆಲ್ಲ ಫೋಟೋ ಹೊಡೆದರು. "ನಾಳೆಯಿಂದ ಕುರೀನೇ ಕತ್ತರಿಸು ತಾಯಿ" ಅಂದ ಮಾಮ.

ದೋಣಿ ಹತ್ತಿದರೆ ಬರುತ್ತಿದ್ದ ವಾಂತಿ ನಿಂತಿದೆ. ಶುಂಠಿ ಬಿಸ್ಕತ್ತು ಮುಗಿದಿದೆ, ಕಳಿಸು. ಫೋಟೋ ಬಂದರೆ ತಾತನಿಗೆ ಮಾತ್ರ ತೋರಿಸಬೇಡ. ಇಷ್ಟು ವರ್ಷ ಕೋವಿ ಹಿಡಿದು ನರಿಯಿಂದ ಕುರಿ ಕಾದವನು, ಕುರಿಕಳ್ಳ ಕಡಲಲ್ಲೂ ಇದ್ದಾನೆಂದು ಗೊತ್ತಾದರೆ ಇಲ್ಲಿಗೇ ಬಂದುಬಿಟ್ಟಾನು!

ನಿನ್ನ ಡೆಲ್ಮಾರಿ